ದೇವರ ಗೂಡಿನ ಸ್ಪಾರ್ಕ್ ಪ್ಲಗ್

ನಮ್ಮ ಮನೆಯ ದೇವರ ಗೂಡಿನಲ್ಲಿ ಚಾಮುಂಡಿಯ ಪಟ, ಬೆಳ್ಳಿಯ ಪುಟ್ಟ ಗಣಪತಿ, ಊರಿನಿಂದ ತಂದ ವಿಭೂತಿ ಗಟ್ಟಿ ಇವುಗಳ ಪಕ್ಕದಲ್ಲಿ ಒಂದು ಹಳೆಯ ಸ್ಪಾರ್ಕ್ ಪ್ಲಗ್ ಇದೆ. ಬಂದವರಲ್ಲಿ ಕೆಲವರು ನೋಡಿಯೂ ನೋಡದವರಂತೆ ಕೈಮುಗಿದು ಹೋಗುತ್ತಾರೆ. ಕೆಲವರಿಗೆ ತಡೆಯಲಾಗುವುದಿಲ್ಲ. ಮೈಸೂರಿನಿಂದ ಮಗಳ ಬಾಣಂತನಕ್ಕೆಂದು ದೋಹಾಕ್ಕೆ ಬಂದಿದ್ದ ಒಬ್ಬ ಹಿರಿಯರು ಕನ್ನಡಕ ಏರಿಸಿಕೊಂಡು ನೋಡಿ, "ಇದು ಯಾವ ಯಂತ್ರ?" ಎಂದು ಬಹಳ ಭಕ್ತಿಯಿಂದ ಕೇಳಿದರು. ಯಂತ್ರದ್ದೇ ಎಂದೆ. ಅವರು ಅದಕ್ಕೊಂದು ಹೂವು ಏರಿಸಿ ಹೋದರು. ನನ್ನ ಹೆಂಡತಿ ವಿಜಯಾಳನ್ನು ಕೇಳಿದರೆ ಉತ್ತರ ಬೇರೆ. "ಅದು ನಮ್ಮನೆ ದೇವ್ರಲ್ಲ, ನಮ್ಮನೆಯವರ ದೇವ್ರು" ಎಂದು ಹೇಳಿ ಕಾಫಿ ತರಲು ಒಳಗೆ ಹೋಗುತ್ತಾಳೆ.

ಆ ಪ್ಲಗ್ಗನ್ನು ಅಲ್ಲಿ ಇಟ್ಟವನು ನಾನಲ್ಲ. ಅದನ್ನು ಹೇಳಬೇಕೆಂದರೆ ಟ್ರ್ಯಾಕ್ಟರಿನಿಂದ ಶುರುಮಾಡಬೇಕು.

ಟ್ರ್ಯಾಕ್ಟರು ಎಂದ ಕೂಡಲೇ ನಮ್ಮ ಮಂಡ್ಯದ ಕಡೆಯವರ ಕಣ್ಣಿಗೆ ಕಬ್ಬು ಹೇರಿಕೊಂಡು ರಸ್ತೆಯನ್ನೆಲ್ಲ ತನ್ನದೇ ಮಾಡಿಕೊಂಡು ಹೋಗುವ ವಾಹನ ಬರುತ್ತದೆ. ಇದು ಅದಲ್ಲ. ಇದಕ್ಕೆ ಗಾರ್ಡನ್ ಟ್ರ್ಯಾಕ್ಟರ್ ಎನ್ನುತ್ತಾರೆ. ಸೊಂಟದ ಎತ್ತರ, ಒಂದೇ ಸಿಲಿಂಡರು, ಪೆಟ್ರೋಲು ಕುಡಿಯುವ ಇಂಜಿನ್ನು. ಮುಂದೆ ಬಾನೆಟ್ಟು, ಹಿಂದೆ ದೊಡ್ಡ ಚಕ್ರ, ನಡುವೆ ಒಂದು ಕಬ್ಬಿಣದ ಸೀಟು, ಎಲ್ಲವೂ ಕ್ರಮವಾಗಿಯೇ ಇರುತ್ತದೆ, ಆದರೆ ಟ್ರ್ಯಾಕ್ಟರಿಗೆ ಏಳನೇ ತಿಂಗಳಿಗೇ ಹುಟ್ಟಿದ ಮಗುವಿನ ಹಾಗೆ. ಮನೆಯ ಸುತ್ತ ಹುಲ್ಲು ಬೆಳೆಸುವ ದೇಶಗಳಲ್ಲಿ ಜನ ಇದರ ಮೇಲೆ ಕುಳಿತು ಹುಲ್ಲು ಕತ್ತರಿಸುತ್ತಾರೆ. ಕತಾರಿನಲ್ಲಿ ಹುಲ್ಲೆಲ್ಲಿ ಎಂದು ಕೇಳಬೇಡಿ. ಎಲ್ಲರೂ ಕೇಳಿಯಾಗಿದೆ.

ದೋಹಾದ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ನಾವು ಬಾಡಿಗೆಗೆ ಹಿಡಿದ ಹಳೆಯ ವಿಲ್ಲಾದ ಹಿತ್ತಲಲ್ಲಿ, ಖರ್ಜೂರದ ಮರದ ಕೆಳಗೆ ಇದು ನಿಂತಿತ್ತು. ನಿಂತಿತ್ತು ಎನ್ನುವುದೂ ಹೆಚ್ಚೇ, ಚಕ್ರದ ಅರ್ಧದವರೆಗೂ ಧೂಳಿನಲ್ಲಿ ಹೂತಿತ್ತು. ಸೀಟಿನ ಮೇಲೆ ಒಂದು ಬೆಕ್ಕು ಮರಿ ಹಾಕಿತ್ತು. ಮನೆಯ ಮಾಲೀಕರನ್ನು ಎಲ್ಲರೂ ಬೂ ನಾಸರ್ ಎಂದು ಕರೆಯುತ್ತಿದ್ದರು. ನಾಸರನ ಅಪ್ಪ ಎಂದರ್ಥ. ನಮ್ಮೂರಿನ ಹೆಂಗಸರು ಗಂಡನ ಹೆಸರು ಹೇಳದೆ "ನಮ್ಮ ಪುಟ್ಟನ ಅಪ್ಪ" ಎನ್ನುವುದಿಲ್ಲವೇ, ಇಲ್ಲಿ ಗಂಡಸರೂ ಹಾಗೆಯೇ ಕರೆಯುತ್ತಾರೆ. ಬೂ ನಾಸರ್ ಅವರ ತಂದೆ ಬಹಳ ಹಿಂದೆ, ಊರಿಗೆ ಹೊರಟಿದ್ದ ಯಾರೋ ಪರದೇಶದ ಇಂಜಿನಿಯರನಿಂದ ಇದನ್ನು ಕೊಂಡು ತಮ್ಮ ಮಜ್ರಾದಲ್ಲಿ, ಅಂದರೆ ಊರಾಚೆಯ ತೋಟದಲ್ಲಿ, ಮೇವು ಎಳೆಯಲು ಬಳಸುತ್ತಿದ್ದರಂತೆ. ಕೆಟ್ಟಮೇಲೆ ಇಲ್ಲಿ ತಂದು ಬಿಟ್ಟಿದ್ದರು. ಇದನ್ನು ನಾನು ರಿಪೇರಿ ಮಾಡಲೇ ಎಂದು ಕೇಳಿದಾಗ ಬೂ ನಾಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಲ್ಲಿನವರು ನಮ್ಮೊಂದಿಗೆ ಆಡುವ ಹಿಂದಿಯಲ್ಲಿ, "ಕರೋ, ಕರೋ. ಮಾಫಿ ಮುಷ್ಕಿಲ್" ಎಂದರು. ಮಾಡಿಕೋ, ತೊಂದರೆಯೇನಿಲ್ಲ ಎಂದು. ಅವರ ಧ್ವನಿಯಲ್ಲಿ ಯಾವ ನಿರೀಕ್ಷೆಯೂ ಇರಲಿಲ್ಲ.

ನಿರೀಕ್ಷೆ ಇಡದಿರಲು ಕಾರಣವೂ ಇತ್ತು. ನನ್ನ ಕೆಲಸ ಹಮದ್ ಬಂದರಿನ ಮೂಲಕ ಬರುವ ಸಾಮಾನುಗಳ ಕಾಗದಪತ್ರ ನೋಡುವುದು. ಕ್ರೇನು, ಬುಲ್ಡೋಜರು, ಜನರೇಟರು ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗಿವೆ, ಕಾಗದವಾಗಿ. ಒಂದನ್ನೂ ಕೈಯಿಂದ ಮುಟ್ಟಿದವನಲ್ಲ. ಕೈಗೆ ಶಾಯಿ ಹತ್ತುವ ಕಾಲವೂ ಹೋಗಿ ಈಗ ಅದೂ ಹತ್ತುವುದಿಲ್ಲ.

ಚಿಕ್ಕಂದಿನಲ್ಲಿ ಮಾತ್ರ ಮುಟ್ಟಿದ್ದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಗದ್ದೆ ತೋಟ ಯಾವುದೂ ಇರಲಿಲ್ಲ. ಮನೆಯಲ್ಲಿದ್ದ ಒಂದೇ ಯಂತ್ರವೆಂದರೆ ಅಮ್ಮನ ಹೊಲಿಗೆ ಯಂತ್ರ. ಒಂದು ಬೇಸಿಗೆ ರಜೆಯಲ್ಲಿ ಅಮ್ಮ ತವರಿಗೆ ಹೋಗಿದ್ದಾಗ ಅದನ್ನು ಬಿಚ್ಚಿ, ಒರೆಸಿ, ಜೋಡಿಸಿದೆ. ಒಂದು ಸ್ಕ್ರೂ ಉಳಿಯಿತು. ಯಂತ್ರ ಓಡುತ್ತಿತ್ತು, ಹಾಗಾಗಿ ಅದು ಹೆಚ್ಚಿನ ಸ್ಕ್ರೂ ಎಂದುಕೊಂಡು ಅಡುಗೆಮನೆಯ ಅವಲಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ಅದು ಒಂದು ಸಂಜೆ ಅಪ್ಪನ ದವಡೆ ಹಲ್ಲಿಗೆ ಸಿಕ್ಕಿತು. ಆ ಹಲ್ಲು ಆಮೇಲೆ ಬಹಳ ದಿನ ಉಳಿಯಲಿಲ್ಲ. ಅಪ್ಪ ನನ್ನನ್ನು ಹೊಡೆಯಲಿಲ್ಲ. "ಇವನು ಇಂಜಿನಿಯರ್ ಆಗೋದು ಬೇಡ" ಎಂದಷ್ಟೇ ಅಮ್ಮನಿಗೆ ಹೇಳಿದರು. ಹೇಳಿದ ಹಾಗೆಯೇ ಬಿ.ಕಾಂ.ಗೆ ಸೇರಿಸಿದರು.

ಆಯುಧಪೂಜೆಯ ದಿನ ಆ ಹೊಲಿಗೆ ಯಂತ್ರಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಮರ್ಯಾದೆ. ಅದರ ಪಕ್ಕದಲ್ಲಿ ಅಪ್ಪನ ಪೆನ್ನು, ಅಪ್ಪನ ಸೈಕಲ್ಲು, ನನ್ನ ಕಂಪಾಸು ಪೆಟ್ಟಿಗೆ, ಅಡುಗೆಮನೆಯ ಈಳಿಗೆಮಣೆ. ಪೂಜೆ ಮಾಡಿದ ಮೇಲೆ ಅವತ್ತೆಲ್ಲ ಅವುಗಳಿಗೆ ರಜ. ಈಳಿಗೆಮಣೆಗೂ ರಜ ಇದ್ದುದರಿಂದ ಅವತ್ತಿನ ಪಲ್ಯ ಯಾವಾಗಲೂ ಕೈಯಲ್ಲಿ ಮುರಿದ ಹುರುಳಿಕಾಯಿಯದು. ಪೆನ್ನಿಗೆ ರಜ ಇದ್ದುದರಿಂದ ನನಗೂ ರಜ. ನಾನು ಕಂಡಂತೆ ಯಂತ್ರಕ್ಕೂ ಮನುಷ್ಯನಿಗೂ ಒಂದೇ ದಿನ ರಜ ಕೊಡುವ ಹಬ್ಬ ಅದೊಂದೇ.

ದೋಹಾದಲ್ಲಿ ಅವತ್ತು ರಜ ಇಲ್ಲ. ಬೆಳಿಗ್ಗೆ ಬೇಗ ಎದ್ದು ಕಾರು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹತ್ತಿಸಿಕೊಂಡು ಹಾಗೆಯೇ ಆಫೀಸಿಗೆ ಹೋಗುವುದು. ಬೂದುಗುಂಬಳವನ್ನು ರಸ್ತೆಯಲ್ಲಿ ಒಡೆಯುವಂತಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಅಂಗಳದಲ್ಲಿ ಮೆಲ್ಲಗೆ ಕುಕ್ಕುತ್ತೇವೆ. ದೃಷ್ಟಿ ಆ ಚೀಲದೊಳಗೇ ಹೋಗಿ, ಸಂಜೆ ಕಸದ ಡಬ್ಬಕ್ಕೆ ಬೀಳುತ್ತದೆ.

ಟ್ರ್ಯಾಕ್ಟರಿಗೆ ವಾಪಸ್ ಬರುತ್ತೇನೆ. ತುಕ್ಕು ಹಿಡಿದ ಯಂತ್ರವನ್ನು ಬಿಚ್ಚುವ ಕೆಲಸದಲ್ಲಿ ಬಿಚ್ಚುವುದಕ್ಕಿಂತ ಕಾಯುವುದೇ ಹೆಚ್ಚು. ಬೋಲ್ಟಿಗೆ ಎಣ್ಣೆ ಬಿಡಬೇಕು, ಕಾಯಬೇಕು, ಸ್ಪ್ಯಾನರ್ ಹಾಕಬೇಕು, ಅದು ಅಲುಗದಿದ್ದರೆ ಇನ್ನಷ್ಟು ಎಣ್ಣೆ ಬಿಟ್ಟು ಇನ್ನೊಂದು ಶುಕ್ರವಾರ ಬರಬೇಕು. ಆತುರ ಮಾಡಿದರೆ ಬೋಲ್ಟಿನ ತಲೆ ಮುರಿಯುತ್ತದೆ. ಸಿಲಿಂಡರಿನಲ್ಲಿ ಸಿಕ್ಕಿಕೊಂಡಿದ್ದ ಪಿಸ್ಟನ್ನು ಒಂದು ಚಳಿಗಾಲವಿಡೀ ಡೀಸೆಲ್ ಕುಡಿದು ಕೊನೆಗೂ ಒಂದು ಕೂದಲೆಳೆಯಷ್ಟು ಅಲುಗಿದಾಗ ನಾನು ಒಳಗೆ ಓಡಿ ವಿಜಯಾಗೆ ಹೇಳಿದೆ. ಆಕೆ ಶಾಲೆಯಲ್ಲಿ ಗಣಿತದ ಟೀಚರು. ಉತ್ತರಪತ್ರಿಕೆಯಿಂದ ತಲೆ ಎತ್ತದೆ, "ಯಾವ ಕಡೆಗೆ?" ಎಂದಳು. ಅದನ್ನು ನಾನು ನೋಡಿರಲಿಲ್ಲ.

ಬಿಡಿಭಾಗಗಳಿಗೆ ನನ್ನ ಗತಿ ಹಸನಬ್ಬ. ವಿಟ್ಲದ ಕಡೆಯ ಬ್ಯಾರಿ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೇರಿಂಗು, ಬೆಲ್ಟು, ಆಯಿಲ್ ಸೀಲು ಮಾರುವ ಅಂಗಡಿ. ಅಂಗಡಿಯಲ್ಲಿ ಏನು ಕೇಳಿದರೂ ಇಲ್ಲ ಎನ್ನುವ ಮನುಷ್ಯನಲ್ಲ.

"ಇದರ ಬೆಲ್ಟು ಉಂಟಾ ಹಸನಬ್ಬ?" ಎಂದರೆ, "ಉಂಟು ಗೌಡ್ರೇ. ಆದ್ರೆ ಅದು ಎಸಿ ಬ್ಲೋವರಿದ್ದು. ನೀವು ಹಾಕಿ ನೋಡಿ. ಕೂತ್ರೆ ಕೂತೀತು" ಎನ್ನುತ್ತಿದ್ದರು.

"ಕೂರದಿದ್ರೆ?"

"ಕೂರದಿದ್ರೆ ಎಂತ, ವಾಪಸ್ ತನ್ನಿ. ಚಾ ಕುಡ್ಕೊಂಡು ಇನ್ನೊಂದು ನೋಡುವ."

ಹೀಗೆ ಎಸಿಯ ಬೆಲ್ಟು, ನೀರಿನ ಪಂಪಿನ ಸೀಲು, ಯಾವುದೋ ಮೋಟರ್ ಸೈಕಲ್ಲಿನ ಕೇಬಲ್ಲು ಎಲ್ಲ ಸೇರಿ ಟ್ರ್ಯಾಕ್ಟರು ಎದ್ದು ನಿಂತಿತು. ಅಡುಗೆಮನೆಯ ಕೊಡುಗೆಯೂ ಸಣ್ಣದಲ್ಲ. ಹಳೆಯ ಟೂತ್‌ಬ್ರಷ್ಷು, ಸ್ಟೀಲ್ ಬೇಸಿನ್ನು, ಕೇಕಿನ ತಟ್ಟೆ ಒಂದೊಂದಾಗಿ ಹಿತ್ತಲಿಗೆ ನಡೆದವು. ಟೀ ಸೋಸುವ ಜರಡಿ ಕಾಣದಾದ ದಿನ ಮಾತ್ರ ವಿಜಯಾ ಬಾಗಿಲಲ್ಲಿ ನಿಂತು, "ಆ ಗುಜರಿಗೆ ಟೀನೂ ಕುಡಿಸ್ತಿದೀರಾ?" ಎಂದು ಕೇಳಿದಳು.

ಟ್ರ್ಯಾಕ್ಟರಿಗೆ ಆಕೆ ಇಟ್ಟ ಹೆಸರೇ ಗುಜರಿ. ಹಿತ್ತಲಿಗೆ ಬಟ್ಟೆ ಒಣಹಾಕಲು ಬಂದರೂ ಅದನ್ನು ಸುತ್ತಿ ಬಳಸಿಕೊಂಡು ಹೋಗುತ್ತಿದ್ದಳು. ಹತ್ತಿರ ಬಂದರೆ ನಾನೇ, "ಮುಟ್ಬೇಡ, ಗ್ರೀಸ್ ಇದೆ" ಎನ್ನುತ್ತಿದ್ದೆ. ಇನ್ನೊಂದು ದಿನ, "ಮುಟ್ಬೇಡ, ಈಗಷ್ಟೇ ಟೈಮಿಂಗ್ ಸೆಟ್ ಮಾಡಿದೀನಿ." ಹಬ್ಬದ ದಿನ ಮಡಿಯುಟ್ಟು ಒಲೆಯ ಮುಂದೆ ಕುಳಿತ ನಮ್ಮಜ್ಜಿ ಕೂಡ ಇಷ್ಟು ಸಲ ಮುಟ್ಟಬೇಡ ಎಂದಿರಲಿಕ್ಕಿಲ್ಲ.

ಕೊನೆಯ ಹಂತ ಪೇಂಟು. ಅದು ಮುಗಿಯುವಾಗ ಆಯುಧಪೂಜೆ ಬಂತು. ಹಿಂದಿನ ಸಂಜೆಯಷ್ಟೇ ಮೈಗೆಲ್ಲ ಕೆಂಪು ಬಳಿದು, ಬಾನೆಟ್ಟನ್ನೂ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೂ ಬೇರೆಯಾಗಿ ಹಳೆಯ ಪೇಪರಿನ ಮೇಲೆ ಒಣಗಲು ಇಟ್ಟಿದ್ದೆ. ಬೆಳಿಗ್ಗೆ ಕಾರಿನ ಪೂಜೆ ಮುಗಿಸಿ ಹೊರಡುವಾಗ ವಿಜಯಾ ಆರತಿ ತಟ್ಟೆ ಹಿಡಿದು ಹಿತ್ತಲ ಕಡೆ ನೋಡಿ, "ಅದಕ್ಕೂ ಒಂದು ಹೂ ಇಡ್ಲಾ?" ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. "ಮುಟ್ಬೇಡ ಮಾರಾಯ್ತಿ, ಪೇಂಟ್ ಒಣಗಿಲ್ಲ" ಎಂದು ಹೇಳಿ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿ ಹೋದೆ.

ಪೇಂಟು ಒಣಗಿದ ಮೇಲೆ ಎಲ್ಲ ಜೋಡಿಸಿದೆ. ಈ ಸಲ ಯಾವ ಸ್ಕ್ರೂವೂ ಉಳಿಯಲಿಲ್ಲ. ಪೆಟ್ರೋಲು ಹಾಕಿ, ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಹಲವು ಸಲ ಎಳೆದ ಮೇಲೆ ಅದು ಒಮ್ಮೆ ಸೀನಿ, ನೀಲಿ ಹೊಗೆ ಬಿಟ್ಟು, ಟುಕುಟುಕು ಎಂದು ಓಡತೊಡಗಿತು. ಹಿತ್ತಲಿನಿಂದ ಹೊರಟು ಮನೆಯ ಪಕ್ಕದಲ್ಲಿ ಹಾದು ಗೇಟಿನವರೆಗೆ ಸವಾರಿ ಮಾಡಿದೆ. ಪಕ್ಕದ ಮನೆಯ ಮಲಯಾಳಿ ಮಕ್ಕಳು ಚಪ್ಪಾಳೆ ತಟ್ಟಿದರು. ನನಗಂತೂ ದಸರಾ ಅಂಬಾರಿಯ ಮೇಲೆ ಕೂತ ಹಾಗಿತ್ತು. ಗೇಟಿನ ಹತ್ತಿರ ಅದು ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು.

ಸ್ವಲ್ಪ ಹೊತ್ತು ಬಿಟ್ಟು ಹಗ್ಗ ಎಳೆದರೆ ಏನೂ ಆಗದಂತೆ ಮತ್ತೆ ಶುರುವಾಯಿತು. ಹಿತ್ತಲಿಗೆ ಬಂದು ಮತ್ತೆ ನಿಂತಿತು. ಅವತ್ತಿನಿಂದ ಇದೇ ಪಾಡು. ಓಡುತ್ತದೆ, ನಿಲ್ಲುತ್ತದೆ, ಕಾದರೆ ಮತ್ತೆ ಓಡುತ್ತದೆ. ಪೂರ್ತಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಹುದು. ಒಂದಷ್ಟು ಹೊತ್ತು ಮಾತ್ರ ಕೆಡುವ ಯಂತ್ರ ಬಹಳ ಕಷ್ಟ, ಯಾಕೆಂದರೆ ನೀವು ಬಿಚ್ಚಿ ನೋಡುವ ಹೊತ್ತಿಗೆ ಅದು ಸರಿಯಾಗಿರುತ್ತದೆ.

ಬಿಸಿಯಾದಾಗ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಸೋಲುತ್ತಿದೆ ಎಂದುಕೊಂಡು ಹೊಸ ಕಾಯಿಲ್ ತರಿಸಿದೆ. ಆಗಲಿಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಿದೆ. ಆಗಲಿಲ್ಲ. ಹಳೆಯ ಪ್ಲಗ್ಗೇ ಒಳ್ಳೆಯದಿತ್ತೇನೋ ಎನಿಸಿ ಅದನ್ನೇ ಹಾಕಿದೆ. ಅದೂ ಆಗದೆ, ಕೋಪ ಬಂದು ಕಿತ್ತು ಕಿಟಕಿಯ ಕಟ್ಟೆಯ ಮೇಲೆ ಎಸೆದೆ. ಕಾರ್ಬುರೇಟರನ್ನು ಊಟದ ಮೇಜಿನ ಮೇಲೆ ಬಿಚ್ಚಿ, ವಿಜಯಾ ಬರುವುದರೊಳಗೆ ಜೋಡಿಸಿದೆ. ಅದೂ ಅಲ್ಲ. ಯಾರೋ ಇಂಟರ್ನೆಟ್ಟಿನಲ್ಲಿ ಹೇಳಿದರೆಂದು ಇಂಜಿನ್ನಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಓಡಿಸಿದೆ. ಜ್ವರ ಬಂದವರ ಹಣೆಗೆ ಹಾಕುವ ಪಟ್ಟಿಯ ಹಾಗೆ ಅದು ಕಾಣುತ್ತಿತ್ತು, ಗುಣವೂ ಅಷ್ಟೇ.

ಹಸನಬ್ಬ ಒಂದು ಶುಕ್ರವಾರ ಖುದ್ದಾಗಿ ಬಂದು ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗೌಡ್ರೇ, ಇದು ಮೆಕ್ಯಾನಿಕಲ್ ಅಲ್ಲ. ಇಷ್ಟು ಚಂದ ಪೇಂಟ್ ಮಾಡಿದ್ದೀರಿ, ಯಾರದ್ದೋ ಕಣ್ಣು ಬಿದ್ದಿದೆ. ಪೂಜೆ ಗೀಜೆ ಎಂತದ್ದೂ ಮಾಡ್ಲಿಲ್ವಾ ನೀವು?" ಎಂದರು.

"ಕಾರಿಗೆ ಮಾಡ್ದೆ. ಇದಕ್ಕೆ ಮಾಡಲಿಲ್ಲ."

"ಅದೇ ಮತ್ತೆ" ಎಂದು ಚಹಾದ ಲೋಟ ಕೆಳಗಿಟ್ಟರು. ಚಹಾ ತಂದಿದ್ದ ವಿಜಯಾ ಲೋಟ ತೆಗೆದುಕೊಂಡು ಅವಸರದಲ್ಲಿ ಒಳಗೆ ಹೋದಳು.

ಇಷ್ಟರಲ್ಲಿ ಬೂ ನಾಸರ್ ಒಂದು ಸುದ್ದಿ ತಂದರು. ವಿಲ್ಲಾ ಕೆಡವುತ್ತಾರೆ. ಆ ಜಾಗದಲ್ಲಿ ಫ್ಲಾಟುಗಳು ಬರುತ್ತವೆ. ತಿಂಗಳೊಳಗೆ ನಾವು ಬೇರೆ ಮನೆ ನೋಡಿಕೊಳ್ಳಬೇಕು. ಅದೇನೂ ಅನಿರೀಕ್ಷಿತವಲ್ಲ, ಗೋಡೆಗಳು ಎಂದೋ ಬಿರುಕು ಬಿಟ್ಟಿದ್ದವು. ವಿಜಯಾಗೆ ಧೂಳಿಲ್ಲದ ಮೂರನೇ ಮಹಡಿಯ ಮನೆ ಸಿಕ್ಕಿದ್ದಕ್ಕೆ ಒಳಗೊಳಗೇ ಸಂತೋಷ. ನನ್ನ ತಲೆಯಲ್ಲಿದ್ದುದು ಒಂದೇ. ಮೂರನೇ ಮಹಡಿಗೆ ಟ್ರ್ಯಾಕ್ಟರು ಹೋಗುವುದಿಲ್ಲ. ಕೆಳಗೆ ಕಾರಿಗೇ ಜಾಗವಿಲ್ಲ.

ನಿಮ್ಮ ತೋಟಕ್ಕೆ ತೆಗೆದುಕೊಂಡು ಹೋಗಿ ಎಂದು ಬೂ ನಾಸರ್‌ರನ್ನು ಕೇಳಿದೆ. ಅವರು ಕೆಂಪಗೆ ಹೊಳೆಯುತ್ತಿದ್ದ ಬಾನೆಟ್ಟಿನ ಮೇಲೆ ಕೈಯಾಡಿಸಿ, "ಚಲ್ತಾ?" ಎಂದರು.

ಸುಳ್ಳು ಹೇಳಲಾಗಲಿಲ್ಲ. "ಚಲ್ತಾ ಹೈ, ಫಿರ್ ಬಂದ್ ಹೋತಾ ಹೈ" ಎಂದೆ.

ಅವರು ತಲೆಯಾಡಿಸಿದರು. ತೋಟದಲ್ಲಿ ಸತ್ತ ಯಂತ್ರಗಳು ಈಗಾಗಲೇ ಬೇಕಾದಷ್ಟಿವೆ, ಇನ್ನೊಂದನ್ನು ಕೊಂಡೊಯ್ದು ಏನು ಮಾಡಲಿ ಎಂದರು. ತಂದೆಯ ಗಾಡಿ ಎನ್ನುವುದೇನೋ ನಿಜ, ಆದರೆ ತಂದೆ ಸತ್ತ ಒಂಟೆಯನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಂಡವರಲ್ಲ. ಕೊನೆಗೆ ಒಂದು ತೀರ್ಮಾನ ಹೇಳಿದರು. ಬರುವ ಶುಕ್ರವಾರ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ನಂತರ ತೋಟದ ಪಿಕಪ್ ತರುತ್ತೇನೆ. ಇದು ಹಿತ್ತಲಿನಿಂದ ತಾನಾಗಿಯೇ ಬಂದು ಪಿಕಪ್ ಹತ್ತಿದರೆ ಮಜ್ರಾ. ನಾಲ್ಕು ಜನ ಎತ್ತಿ ಹಾಕಬೇಕಾದರೆ ಶನಿವಾರ ಹಳೆಯ ಎಸಿ, ಬಾಗಿಲುಗಳ ಜೊತೆ ಸಿಕ್ರಾಬ್. "ಖಲಾಸ್?" ಎಂದು ಕೈ ಚಾಚಿದರು. ನಾನು ಕೈ ಕೊಟ್ಟೆ. ಸಿಕ್ರಾಬ್ ಎಂದರೆ ನಮ್ಮ ಗುಜರಿಯೇ. ವಿಜಯಾ ಇಟ್ಟ ಹೆಸರು ಕೊನೆಗೂ ನಿಜವಾಗುವ ಹಾಗೆ ಕಂಡಿತು.

ಆ ವಾರ ನಾನು ಆಫೀಸಿನಲ್ಲಿ ಏನು ಮಾಡಿದೆನೋ ನೆನಪಿಲ್ಲ. ಯಾರದೋ ಫ್ರಿಜ್ಜುಗಳ ಕಂಟೇನರನ್ನು ಇನ್ಯಾರದೋ ಟೈಲ್ಸ್ ಎಂದು ಬರೆದು, ಮೇಲಿನವರ ಕೈಯಲ್ಲಿ ಬೈಸಿಕೊಂಡದ್ದು ಮಾತ್ರ ನೆನಪಿದೆ.

ಶುಕ್ರವಾರ ಬೆಳಿಗ್ಗೆ ಕೊನೆಯ ಸಲ ನೋಡೋಣ ಎಂದು ಶುರುಮಾಡಿದೆ. ಹಿತ್ತಲಿನಿಂದ ಹೊರಟು ಅರ್ಧ ದಾರಿಗೂ ಬರಲಿಲ್ಲ, ಅಡುಗೆಮನೆಯ ಕಿಟಕಿಯ ಕೆಳಗೆ ನಿಂತುಬಿಟ್ಟಿತು. ನಾನು ಇಳಿದು ಅದರ ಚಕ್ರಕ್ಕೆ ಒರಗಿ ನೆಲದ ಮೇಲೆ ಕುಳಿತೆ. ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬಹುದು. ಬಂದದ್ದು ನಿಜ. ಅಷ್ಟು ಶುಕ್ರವಾರಗಳು ಅದರ ಜೊತೆ ಕಳೆದಿದ್ದೆ. ಅದು ಎಲ್ಲೋ ಒಂದು ಕಡೆ ಓಡುತ್ತಿದೆ ಎಂದು ಗೊತ್ತಿದ್ದರೆ ನನಗೆ ಸಾಕಿತ್ತು. ಕಬ್ಬಿಣದ ಹಲ್ಲಿನ ಕ್ರೇನು ಅದರ ಬಾನೆಟ್ಟು ಕಚ್ಚಿ ಎತ್ತುವುದನ್ನು ಮನಸ್ಸು ಆಗಲೇ ನೋಡತೊಡಗಿತ್ತು.

ಕುಳಿತಲ್ಲಿಂದ ಪೆಟ್ರೋಲಿನ ಸಣ್ಣ ಪೈಪು ಮೂಗಿನ ನೇರಕ್ಕೆ ಕಾಣುತ್ತಿತ್ತು. ಬೇರೆ ಕೆಲಸವಿಲ್ಲದೆ ಅದನ್ನು ಎಳೆದೆ. ಒಂದು ಹನಿಯೂ ಬೀಳಲಿಲ್ಲ. ಟ್ಯಾಂಕಿನ ಮುಚ್ಚಳ ತೆರೆದು ನೋಡಿದರೆ ಪೆಟ್ರೋಲು ತುಂಬಿದೆ. ಆಗ ಗೊತ್ತಾಯಿತು, ಟ್ಯಾಂಕಿನೊಳಗೇ ಏನೋ ಇದೆ. ಪೆಟ್ರೋಲು ಹರಿಯುವಾಗ ಅದು ಬಂದು ತೂತಿಗೆ ಅಡ್ಡ ಕೂರುತ್ತದೆ. ಇಂಜಿನ್ನು ನಿಂತ ಮೇಲೆ ಸೆಳೆತ ಇಲ್ಲದೆ ಸರಿದುಹೋಗುತ್ತದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅಷ್ಟು ದಿನ ನಾನು ಟ್ಯಾಂಕಿನ ಕಡೆ ನೋಡದಿದ್ದುದಕ್ಕೆ ಕಾರಣ, ಅದನ್ನು ತೊಳೆದವನು ನಾನೇ. ಸಣ್ಣ ಕಲ್ಲು ಹಾಕಿ ಕುಲುಕಿ, ಮೂರು ನೀರಲ್ಲಿ ಜಾಲಿಸಿ, ಬಿಸಿಲಿಗಿಟ್ಟು ಒಣಗಿಸಿದ್ದೆ. ಇಡೀ ಟ್ರ್ಯಾಕ್ಟರಿನಲ್ಲಿ ಅದೊಂದರ ಮೇಲೆ ನನಗೆ ಅನುಮಾನವೇ ಇರಲಿಲ್ಲ. ಅದರೊಳಗಿದ್ದ ಹರಿದ ಜಾಲರಿಯನ್ನು, ಇಷ್ಟು ಶುದ್ಧವಾದ ಟ್ಯಾಂಕಿಗೆ ಇದೇಕೆ ಎಂದು ಕಿತ್ತೆಸೆದಿದ್ದೆ ಕೂಡ.

ಟ್ಯಾಂಕು ಬಿಚ್ಚಿ, ಅಡುಗೆಮನೆಯಿಂದ ಟೀ ಸೋಸುವ ಜರಡಿ ತಂದು, ಬೇಸಿನ್ನಿನ ಮೇಲೆ ಹಿಡಿದು ಪೆಟ್ರೋಲು ಸುರಿದೆ. ಕೊನೆಯ ಹನಿಗಳ ಜೊತೆ ಜರಡಿಗೆ ಬಿದ್ದದ್ದು ಅಕ್ಕಿ. ನಾಲ್ಕೈದು ಕಾಳು. ಇರುವೆ ತಂದಿರಬೇಕು ಎನಿಸಿತು. ಆಮೇಲೆ ಬಿಸಿಲಿಗೆ ಹಿಡಿದರೆ ಅವು ಹಳದಿಯಾಗಿದ್ದವು. ಇರುವೆಗಳು ಅಕ್ಕಿಗೆ ಅರಿಶಿನ ಹಚ್ಚುವುದಿಲ್ಲ.

"ವಿಜಯಾ, ಸ್ವಲ್ಪ ಬಾ ಇಲ್ಲಿ."

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಜರಡಿ. "ಮತ್ತೆ ತಂದ್ರಾ? ಹೋದ ವಾರವಷ್ಟೇ ತಗೊಂಡಿದ್ದು ಅದು."

"ಅದು ಆಮೇಲೆ. ಇದೇನು ನೋಡು."

ಬಗ್ಗಿ ನೋಡಿದಳು. "ಅಕ್ಷತೆ" ಎಂದಳು.

"ಅದು ನಂಗೂ ಗೊತ್ತಾಯ್ತು. ಟ್ಯಾಂಕಿನೊಳಗೆ ಹೇಗೆ ಬಂತು?"

"ನೀವೇ ಅಲ್ವಾ ಮುಟ್ಬೇಡ, ಪೇಂಟ್ ಒಣಗಿಲ್ಲ ಅಂದಿದ್ದು. ಅದಕ್ಕೇ ದೂರದಲ್ಲೇ ನಿಂತು ಹಾಕ್ದೆ."

"ಪೂಜೆ ಮಾಡಿದ್ಯಾ ಇದಕ್ಕೆ? ನೀನು?"

"ಕಾರಿಗೆ ಮಾಡಿ ಇದನ್ನ ಬಿಟ್ರೆ ಚೆನ್ನಾಗಿರತ್ತಾ? ಇಷ್ಟು ವರ್ಷ ನಮ್ಮನೆ ಅಂಗಳದಲ್ಲಿ ನಿಂತಿದೆ. ಇನ್ನು ನೀವು ಅದರ ಮೇಲೆ ಕೂತ್ಕೊಂಡು ಓಡಿಸ್ತೀರಿ. ಎಲ್ಲೂ ಬೀಳದೆ ಇರ್ಲಿ ಅಂತ ನಾಲ್ಕು ಕಾಳು ಹಾಕ್ದೆ. ಅದು ಬಾಯಿ ಬಿಟ್ಕೊಂಡು ಕೂತಿದೆ ಅಂತ ನಂಗೇನು ಗೊತ್ತು?"

 ಆಕೆ ಜರಡಿ ನೋಡುತ್ತ ನಿಂತಳು. ಗಣಿತದ ಟೀಚರು, ಲೆಕ್ಕ ಬಿಡಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಮುಖ ಸಣ್ಣದಾಯಿತು. "ಇದರಿಂದ್ಲೇ ನಿಲ್ತಾ ಇತ್ತಾ? ಇಷ್ಟು ದಿನ ನೀವು ಒದ್ದಾಡಿದ್ದು ಇದಕ್ಕಾ?"

"ಇಲ್ಲ ಇಲ್ಲ. ಕಾಯಿಲ್ಲೂ ಸ್ವಲ್ಪ ವೀಕ್ ಇತ್ತು."

"ಸುಳ್ಳು ಹೇಳ್ಬೇಡಿ. ಬರಲ್ಲ ನಿಮಗೆ."

ಇಬ್ಬರಿಗೂ ನಗು ಬಂತು. ನಗುತ್ತಾ ಆಕೆ ಕಣ್ಣು ಒರೆಸಿಕೊಂಡಳು. ಪೆಟ್ರೋಲಿನ ವಾಸನೆಗೆ ಎಂದಳು. ಅವಳಿಗೂ ಬರುವುದಿಲ್ಲ. ಹಿತ್ತಲಿಗೆ ಬಂದರೂ ಬಳಸಿಕೊಂಡು ಹೋಗುತ್ತಿದ್ದ ಹೆಂಗಸು, ನಾನು ಆಫೀಸಿಗೆ ಹೋದ ಮೇಲೆ ಹಬ್ಬದ ಸೀರೆಯಲ್ಲಿ ಒಬ್ಬಳೇ ಬಂದು ಗುಜರಿಗೆ ಅಕ್ಷತೆ ಹಾಕಿದ್ದಳು. ನಾನು ಟ್ಯಾಂಕು ಜೋಡಿಸಲು ಕುಳಿತೆ.

ಅಸರ್ ಮುಗಿಸಿ ಬೂ ನಾಸರ್ ಬಂದರು. ಪಿಕಪ್ಪಿನ ಹಿಂದೆ ಎರಡು ಹಲಗೆ ಇಳಿಬಿಟ್ಟು, ಕೈ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತರು. ಹಿತ್ತಲಿಗೆ ಹೋಗಿ ಹಗ್ಗ ಎಳೆದೆ. ಮೊದಲ ಎಳೆತಕ್ಕೇ ಹತ್ತಿಕೊಂಡಿತು. ಖರ್ಜೂರದ ಮರ ದಾಟಿತು, ಅಡುಗೆಮನೆಯ ಕಿಟಕಿ ದಾಟಿತು. ಅಲ್ಲಿ ನನ್ನ ಉಸಿರು ಮಾತ್ರ ನಿಂತಿತ್ತು. ಗೇಟು ದಾಟಿ, ಹಲಗೆಯ ಬುಡದಲ್ಲಿ ಗೇರು ಇಳಿಸಿದೆ. ಟುಕುಟುಕು ಎನ್ನುತ್ತಲೇ ಅದು ಹಲಗೆ ಏರಿ ಪಿಕಪ್ಪಿನೊಳಗೆ ಹೋಗಿ ನಿಂತಿತು. ನಾನಾಗಿ ಕೀಲಿ ತಿರುಗಿಸುವವರೆಗೆ ಅದು ನಿಲ್ಲಲಿಲ್ಲ.

ಬೂ ನಾಸರ್ ಬಹಳ ಹೊತ್ತು ನೋಡಿದರು. ತಮ್ಮ ತಂದೆಯೂ ಇದರ ಮೇಲೆ ಹೀಗೆಯೇ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು ಎಂದರು. ಆಮೇಲೆ ನನ್ನ ಹೊಟ್ಟೆ ತೋರಿಸಿ, "ಯೇ ನಹೀ ಥಾ" ಎಂದರು.

ಆ ಟ್ರ್ಯಾಕ್ಟರು ಈಗಲೂ ಅವರ ತೋಟದಲ್ಲಿ ಕುರಿಗಳಿಗೆ ಮೇವು ಎಳೆಯುತ್ತದೆ. ಆಗಾಗ ಒಂದು ಶುಕ್ರವಾರ ಹೋಗಿ ಆಯಿಲ್ ಬದಲಿಸಿ, ಏರ್ ಫಿಲ್ಟರಿನ ಮರಳು ಕೊಡವಿ ಬರುತ್ತೇನೆ. ಟ್ಯಾಂಕಿನ ಬಾಯಲ್ಲಿ ಈಗ ಒಂದು ಜಾಲರಿ ಇದೆ. ಅದು ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ, ಆ ವಾರ ನಮ್ಮ ಮನೆಯಲ್ಲಿ ಟೀಯನ್ನು ಬಟ್ಟೆಯಲ್ಲಿ ಸೋಸಿದೆವು. ಹಸನಬ್ಬನಿಗೆ ಎಲ್ಲ ಹೇಳಿದೆ. ಅವರು ಯೋಚಿಸಿ, "ನಾನು ಹೇಳ್ಲಿಲ್ವಾ ಗೌಡ್ರೇ, ಮೆಕ್ಯಾನಿಕಲ್ ಅಲ್ಲಾಂತ" ಎಂದರು.

ಆ ಸಂಜೆಯ ಮಾತು ಇನ್ನೂ ಸ್ವಲ್ಪ ಇದೆ. ಪಿಕಪ್ಪಿನಲ್ಲಿ ಹಗ್ಗ ಬಿಗಿದು, ಡ್ರೈವರು ಹಲಗೆ ಮೇಲೆತ್ತುವಾಗ ವಿಜಯಾ ಗೇಟಿನ ಹೊರಗೆ ಬಂದಳು. ಪಿಕಪ್ಪಿನ ಪಕ್ಕದಲ್ಲಿ ನಿಂತು, ಕೆಂಪು ಬಾನೆಟ್ಟನ್ನು ನೋಡಿ, ನನ್ನನ್ನು ನೋಡಿದಳು.

"ಪೇಂಟ್ ಒಣಗಿದ್ಯಾ?"

"ಒಣಗಿದೆ" ಎಂದೆ.

ಕೈ ಚಾಚಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಮೊದಲ ಸಲ. ಇಂಜಿನ್ನು ಇನ್ನೂ ಬೆಚ್ಚಗಿತ್ತು. "ಬಿಸಿಯಾಗಿದೆ" ಎಂದು ಹೇಳಿ, ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಪಿಕಪ್ಪು ಹೋಯಿತು.

ಹಿತ್ತಲಿನಲ್ಲಿ ಚದುರಿದ್ದ ಸ್ಪ್ಯಾನರುಗಳನ್ನು ಆರಿಸಿ ಡಬ್ಬಕ್ಕೆ ತುಂಬುವಾಗ ಕಿಟಕಿಯ ಕಟ್ಟೆಯ ಮೇಲೆ ನಾನು ಎಸೆದಿದ್ದ ಹಳೆಯ ಸ್ಪಾರ್ಕ್ ಪ್ಲಗ್ ಕಾಣಲಿಲ್ಲ. ಕೆಳಗೆ ಬಿದ್ದಿರಬೇಕೆಂದು ಹುಡುಕಿದೆ, ಸಿಗಲಿಲ್ಲ. ಕೈಕಾಲು ತೊಳೆದು ಒಳಗೆ ಹೋದರೆ ದೇವರ ಮುಂದೆ ದೀಪ ಹಚ್ಚಿಯಾಗಿತ್ತು. ಗಣಪತಿಯ ಪಕ್ಕದಲ್ಲಿ ಪ್ಲಗ್ಗು ಇತ್ತು, ಮಸಿಯನ್ನೆಲ್ಲ ಒರೆಸಿ, ಒಂದು ಬೊಟ್ಟು ಕುಂಕುಮ ಇಟ್ಟು. ಅದರ ಮುಂದೆ ಕೆಲವು ಕಾಳು ಅಕ್ಷತೆ. ಈ ಸಲ ಅವು ಚದುರಿರಲಿಲ್ಲ. ಹತ್ತಿರ ಕುಳಿತು ಒಂದೊಂದಾಗಿ ಇಟ್ಟ ಕಾಳುಗಳಾಗಿದ್ದವು.